ಹೊಗೆಗೂ ಒಂದು ಕಾಲಂ ಬೇಕು

ಒಂದು ದೇಶದಲ್ಲಿ ಯಾವ ಪ್ರಾಂತ್ಯ ಮಾಲಿನ್ಯವನ್ನ ಚೆನ್ನಾಗಿ ಹತೋಟಿಯಲ್ಲಿ ಇಟ್ಟಿದೆ ಅಂತ ಅಳೆಯೋದು ಹೇಗೆ? ಇವತ್ತು ಚೀನಾದ ಕಥೆ ಹೇಳ್ತೀನಿ.

2001ರಿಂದ 2005ರವರೆಗಿನ ಪಂಚವಾರ್ಷಿಕ ಯೋಜನೆಯಲ್ಲಿ ಸಲ್ಫರ್ ಡೈಆಕ್ಸೈಡ್ ಶೇ 10ರಷ್ಟು ಇಳೀಬೇಕು ಅಂತ ಗುರಿ ಇತ್ತು. ಇಳಿಯೋದಿರಲಿ, ಶೇ 25ಕ್ಕಿಂತ ಹೆಚ್ಚು ಏರಿತು! ಸ್ಥಳೀಯ ಅಧಿಕಾರಿಗಳ ಬಡ್ತಿಗೆ ಜಿಡಿಪಿ ಬೆಳವಣಿಗೆ ಮುಖ್ಯವಾಗಿತ್ತು, ಹೊಗೆ ಅಲ್ಲ. ಕಾಮರ್ಸ್ ಓದಿದ ನನಗೆ ಅನ್ನಿಸೋದು ಇಷ್ಟೇ: ಆದಾಯ ಬರೆದು ಖರ್ಚು ಬಿಟ್ಟರೆ ಅದನ್ನ ಲೆಕ್ಕ ಅನ್ನಲ್ಲ.

ಆ ಖರ್ಚು ಬರೆಯೋ ಪ್ರಯತ್ನವೂ ನಡೀತು. 2006ರಲ್ಲಿ 'ಹಸಿರು ಜಿಡಿಪಿ' ವರದಿ ಬಂತು. 2004ರ ಒಂದೇ ವರ್ಷದಲ್ಲಿ ಮಾಲಿನ್ಯದಿಂದ ಆದ ನಷ್ಟ 51,180 ಕೋಟಿ ಯುವಾನ್, ಅಂದರೆ ಜಿಡಿಪಿಯ ಶೇ 3.05. ಕೆಲವು ಪ್ರಾಂತ್ಯಗಳಿಗೆ ಇದು ಹಿಡಿಸಲಿಲ್ಲ. 2007ರಲ್ಲಿ ಬರಬೇಕಿದ್ದ ಮುಂದಿನ ವರದಿ ಪ್ರಕಟವಾಗಲೇ ಇಲ್ಲ.

ಸಂಶೋಧಕರ ಕೈಯಲ್ಲಿ ಇನ್ನೊಂದು ಅಳತೆಗೋಲಿತ್ತು: ಡೇಟಾ ಎನ್ವಲಪ್‌ಮೆಂಟ್ ಅನಾಲಿಸಿಸ್, ಚಿಕ್ಕದಾಗಿ ಡಿಇಎ. 1978ರಲ್ಲಿ ಚಾರ್ನ್ಸ್, ಕೂಪರ್, ರೋಡ್ಸ್ ಇದನ್ನ ರೂಪಿಸಿದ್ದು ಅಮೆರಿಕದ ಶಾಲಾ ಕಾರ್ಯಕ್ರಮವೊಂದನ್ನ ಅಳೆಯೋಕೆ. 1989ರಲ್ಲಿ ಇನ್ನೊಂದು ತಂಡ ಕಾಗದದ ಕಾರ್ಖಾನೆಗಳ ಲೆಕ್ಕದಲ್ಲಿ ಕೊಳಕನ್ನೂ 'ಬೇಡದ ಉತ್ಪನ್ನ' ಅಂತ ಸೇರಿಸಿತು. ಇದೇ ಲೆಕ್ಕ ಆಮೇಲೆ ಚೀನಾದ ಪ್ರಾಂತ್ಯಗಳಿಗೂ ಬಂತು. ಎಷ್ಟು ಕಾರ್ಮಿಕರು, ಬಂಡವಾಳ, ಇಂಧನ ಹಾಕಿದ್ರಿ? ಎಷ್ಟು ಜಿಡಿಪಿ, ಎಷ್ಟು ಹೊಗೆ ಬಂತು? ಗುಂಪಿನಲ್ಲಿ ಮುಂದಿರೋರಿಗೆ 1, ಉಳಿದವರಿಗೆ ಅದಕ್ಕಿಂತ ಕಡಿಮೆ.

ಆದರೆ ಗಮನಿಸಿ, 1 ಬಂದರೆ ಗಾಳಿ ಶುದ್ಧ ಅಂತಲ್ಲ. ಆ ಗುಂಪಿನಲ್ಲಿ ಅದಕ್ಕಿಂತ ಚೆನ್ನಾಗಿ ಮಾಡಿದವರಿಲ್ಲ, ಅಷ್ಟೇ. ಸಾಮಾನ್ಯವಾಗಿ ಪೂರ್ವ ಕರಾವಳಿಯ ಪ್ರಾಂತ್ಯಗಳು ಮುಂದೆ, ಒಳನಾಡಿನವು ಹಿಂದೆ. ಶಾನ್‌ಶಿಯಲ್ಲಿ ಕಲ್ಲಿದ್ದಲು ಸುಟ್ಟು ಮಾಡಿದ ಕರೆಂಟು ಬೇರೆ ಊರುಗಳಿಗೆ ಹೋಗುತ್ತೆ. ಹೊಗೆ ಮಾತ್ರ ಶಾನ್‌ಶಿ ಖಾತೆಗೆ!

2006ರಿಂದ ಸರ್ಕಾರ ಪಟ್ಟು ಬಿಗಿ ಮಾಡಿತು. ಪ್ರಾಂತ್ಯಗಳಿಗೆ ಗುರಿ ಹಂಚಿ, ಅಧಿಕಾರಿಗಳ ಮೌಲ್ಯಮಾಪನಕ್ಕೆ ಜೋಡಿಸಿತು. 2010ರ ಹೊತ್ತಿಗೆ ಸಲ್ಫರ್ ಡೈಆಕ್ಸೈಡ್ ಸುಮಾರು ಶೇ 14 ಇಳೀತು. ಇಂಧನ ಉಳಿತಾಯಕ್ಕೂ ಹೀಗೇ ಗುರಿ ಇತ್ತು. ಗಡುವು ಹತ್ತಿರ ಬಂದಾಗ ಹೆಬೈ ಪ್ರಾಂತ್ಯದ ಆನ್‌ಪಿಂಗ್‌ನಲ್ಲಿ ಮನೆ, ಆಸ್ಪತ್ರೆ, ಟ್ರಾಫಿಕ್ ಸಿಗ್ನಲ್‌ಗಳ ಕರೆಂಟನ್ನೇ ತೆಗೆದರು. ಕಾಗದದ ಮೇಲೆ ಅದೂ ಉಳಿತಾಯವೇ.

ಅಳತೆ ಬೇಕೇ ಬೇಕು. ಅಳೆಯದೆ ಬಿಟ್ಟ ಐದು ವರ್ಷ ಏನಾಯ್ತು ಅಂತ ನೋಡಿದ್ವಲ್ಲ. ಆದರೆ ಇನ್ಮೇಲೆ ಯಾವುದಾದರೂ ರ‍್ಯಾಂಕ್ ಪಟ್ಟಿ ನಿಮ್ಮ ಮೊಬೈಲ್‌ಗೆ ಬಂದರೆ ಎರಡು ಪ್ರಶ್ನೆ ಕೇಳಿ: ಹೊಗೆ ಯಾರ ಖಾತೆಗೆ ಹೋಯ್ತು? ಕರೆಂಟು ಯಾರ ಮನೆಗೆ ಹೋಯ್ತು?

ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.