ಗ್ಲೈಕಾಲ್‌ನಲ್ಲಿ ಕರಗಿದ ಬೆಂಜೀನ್

1930ರ ದಶಕದಲ್ಲಿ ಅಮೆರಿಕದ ನೈಸರ್ಗಿಕ ಅನಿಲದ ಕೊಳವೆಗಳು ಚಳಿಗಾಲದಲ್ಲಿ ಕಟ್ಟಿಕೊಳ್ಳುತ್ತಿದ್ದವು. ಮಂಜುಗಡ್ಡೆ ಇರಬೇಕೆಂದು ನೀವೂ ಊಹಿಸುತ್ತೀರಿ. ಅದು ನೀರೂ ಅನಿಲವೂ ಕೂಡಿ ಆಗುವ ಹೈಡ್ರೇಟ್ ಎಂದು ಇ. ಜಿ. ಹ್ಯಾಮರ್‌ಶ್ಮಿಟ್ 1934ರಲ್ಲಿ ತೋರಿಸಿದರು. ಒತ್ತಡ ಹೆಚ್ಚಿದ್ದರೆ ಇದು 0 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೂ ಗಟ್ಟಿಯಾಗುತ್ತದೆ. ಹಾಗಾಗಿ ಅನಿಲವನ್ನು ಕೊಳವೆಗೆ ಬಿಡುವ ಮುನ್ನ ಒಣಗಿಸಲೇಬೇಕಾಯಿತು.

ಈ ಕೆಲಸಕ್ಕೆ ಮೊದಲು ಡೈಎಥಿಲೀನ್ ಗ್ಲೈಕಾಲ್, ಆಮೇಲೆ ಟ್ರೈಎಥಿಲೀನ್ ಗ್ಲೈಕಾಲ್ ಬಂದವು. ಗೋಪುರದಲ್ಲಿ ಅನಿಲ ಮೇಲೇರುತ್ತದೆ. ಗ್ಲೈಕಾಲ್ ಕೆಳಗಿಳಿಯುತ್ತ ನೀರಾವಿಯನ್ನು ಹೀರುತ್ತದೆ. ಬಳಿಕ ಅದನ್ನು ಸುಮಾರು 200 ಡಿಗ್ರಿಗೆ ಕಾಯಿಸಿದರೆ ನೀರು ಆವಿಯಾಗಿ ಹೊರಹೋಗುತ್ತದೆ, ಗ್ಲೈಕಾಲ್ ಮತ್ತೆ ಗೋಪುರಕ್ಕೆ ಮರಳುತ್ತದೆ.

ಹೊರಹೋಗುವುದು ನೀರಾವಿ ಮಾತ್ರವೇ? ಗ್ಲೈಕಾಲ್ ಅಣುವಿನ ರಚನೆಯನ್ನು ಬರೆದು ನೋಡಿ. ಎರಡು ತುದಿಗಳಲ್ಲಿ ನೀರನ್ನು ಹಿಡಿಯುವ ಹೈಡ್ರಾಕ್ಸಿಲ್. ನಡುವೆ ಕಾರ್ಬನ್, ಆಕ್ಸಿಜನ್‌ಗಳ ಸರಪಳಿ. ಮೀಥೇನ್ ಇದರಲ್ಲಿ ಅತ್ಯಲ್ಪ ಕರಗುತ್ತದೆ. ಬೆಂಜೀನ್, ಟಾಲ್ವೀನ್‌ಗಳ ಕಥೆ ಬೇರೆ. ಅವುಗಳ ಉಂಗುರದ ಎಲೆಕ್ಟ್ರಾನ್ ಮೋಡ ಹೈಡ್ರಾಕ್ಸಿಲ್‌ನ ಹೈಡ್ರೋಜನನ್ನು ಸೆಳೆಯುವುದರಿಂದ ಅವು ಚೆನ್ನಾಗಿ ಕರಗುತ್ತವೆ. ಅನಿಲದಲ್ಲಿ ಅತಿ ಕಡಿಮೆ ಇದ್ದ ಬೆಂಜೀನ್ ಹೀಗೆ ಗ್ಲೈಕಾಲ್‌ನಲ್ಲಿ ಶೇಖರವಾಗಿ, ಕಾಯಿಸಿದಾಗ ಗಾಳಿ ಸೇರುತ್ತದೆ. ಬೆಂಜೀನ್ ರಕ್ತದ ಕ್ಯಾನ್ಸರಿಗೆ ಕಾರಣವಾಗಬಲ್ಲದು.

ಅಮೆರಿಕದ 1990ರ ವಾಯು ಕಾಯಿದೆ ತಿದ್ದುಪಡಿ ಕೊಟ್ಟ ಅಪಾಯಕಾರಿ ಮಾಲಿನ್ಯಕಾರಕಗಳ ಪಟ್ಟಿಯಲ್ಲಿ ಬೆಂಜೀನ್ ಇತ್ತು. 1999ರ ನಿಯಮ, ವರ್ಷಕ್ಕೆ 0.9 ಟನ್‌ಗಿಂತ ಕಡಿಮೆ ಬೆಂಜೀನ್ ಬಿಡುವ ಘಟಕಗಳಿಗೆ ವಿನಾಯಿತಿ ಕೊಟ್ಟಿತು. ಪ್ರಮಾಣವನ್ನು ಅಳೆದೇ ತಿಳಿಯಬೇಕೆಂದಿರಲಿಲ್ಲ. ಗ್ಲೈಕ್ಯಾಲ್ಕ್ ಎಂಬ ಗಣಕ ಕ್ರಮವಿಧಿಯ ಲೆಕ್ಕವೂ ಸಾಕಿತ್ತು. ವಿಲೀನತೆಯ ಅಂದಾಜು ತಪ್ಪಿದರೆ ಘಟಕವೊಂದು ಗೆರೆಯ ಈಚೆಯಿಂದ ಆಚೆಗೆ ಸರಿಯುತ್ತದೆ!

ಲೆಕ್ಕ ಸುಲಭವಲ್ಲ. ನೀವು ಪಾಠದಲ್ಲಿ ಓದುವ ಹೆನ್ರಿ ನಿಯಮ (1803) ಕಡಿಮೆ ಒತ್ತಡಕ್ಕೆ ಸರಿ. ವಾನ್ ಡರ್ ವಾಲ್ಸ್ (1873) ದಾರಿಯಲ್ಲೇ ನಡೆದು, ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಪೆಂಗ್ ಮತ್ತು ರಾಬಿನ್ಸನ್ 1976ರಲ್ಲಿ ಕೊಟ್ಟ ಸಮೀಕರಣ ಹೈಡ್ರೋಕಾರ್ಬನ್‌ಗಳಿಗೆ ಬಲು ಚೆನ್ನಾಗಿ ಒಪ್ಪುತ್ತದೆ. ಹೈಡ್ರೋಜನ್ ಬಂಧದಿಂದ ಒಂದನ್ನೊಂದು ಹಿಡಿದಿರುವ ಗ್ಲೈಕಾಲ್ ಅಣುಗಳ ಮುಂದೆ ಅದು ತಡವರಿಸುತ್ತದೆ. ಪ್ರತಿ ಜೋಡಿಗೂ ಒಂದು ತಿದ್ದುಪಡಿ ಸಂಖ್ಯೆ ಬೇಕು. ಅದು ದೊರೆಯುವುದು ಪ್ರಯೋಗದ ಅಳತೆಗಳಿಂದ. ಇದನ್ನು ಮುನ್ಸೂಚನೆ ಎನ್ನಲು ನನಗೆ ಸ್ವಲ್ಪ ಸಂಕೋಚವೇ. 1996ರಲ್ಲಿ ಕೊಂಟೊಜಾರ್ಜಿಸ್ ಮತ್ತು ಸಂಗಡಿಗರು ಇಂಥ ಸಮೀಕರಣಕ್ಕೆ ಹೈಡ್ರೋಜನ್ ಬಂಧದ ಪದವೊಂದನ್ನು ಕೂಡಿಸಿದರು. ಆದರೂ ಅಳತೆಯ ಹಂಗು ಪೂರ್ತಿ ಹರಿಯಲಿಲ್ಲ.

ಈ ಲೆಕ್ಕದಿಂದ ಒಂದು ಸರಳ ಸಂಗತಿ ಹೊರಬಿತ್ತು. ಅಗತ್ಯಕ್ಕಿಂತ ಹೆಚ್ಚು ಗ್ಲೈಕಾಲ್ ಹರಿಸಿದರೆ ಅನಿಲ ಹೆಚ್ಚೇನೂ ಒಣಗದು, ಹೊರಬೀಳುವ ಬೆಂಜೀನ್ ಮಾತ್ರ ಏರುತ್ತದೆ. 2007ರಲ್ಲಿ ಅಲ್ಲಿನ ನಿಯಮ, ಜನವಸತಿ ವಿರಳವಾದ ಕಡೆಯ ಸಣ್ಣ ಘಟಕಗಳಿಗೆ ಪ್ರತಿ ಪೌಂಡ್ ನೀರಿಗೆ 3 ಗ್ಯಾಲನ್ ಗ್ಲೈಕಾಲ್, ಅದರ ಮೇಲೆ ಶೇಕಡ 15 ಎಂದು ಹರಿವಿನ ಮಿತಿ ಹಾಕಿತು.