ಬೆಳಕಿಗೆ ದಾರಿ ತೋರಿಸುವ ಕನ್ನಡಿಗಳು

ದೂರದ ಊರಿನಲ್ಲಿರುವ ಮಕ್ಕಳೊಡನೆ ವಿಡಿಯೊ ಕರೆಯಲ್ಲಿ ಮಾತನಾಡುವಾಗ, ಅಂಗಡಿಯಲ್ಲಿ ಮೊಬೈಲಿನಿಂದ ಹಣ ಕೊಡುವಾಗ, ನಮ್ಮ ಮಾತು ಮತ್ತು ಹಣದ ಲೆಕ್ಕ ಬಹುಪಾಲು ದಾರಿಯನ್ನು ಗಾಜಿನ ಎಳೆಯೊಳಗೆ ಬೆಳಕಾಗಿಯೇ ಸಾಗುತ್ತವೆ. ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಕೇಬಲ್ ತಲುಪಿಸುವ ಭಾರತ್‌ನೆಟ್ ಯೋಜನೆಯಿಂದಾಗಿ ಈ ಹೆಸರು ಹಳ್ಳಿಗಳಿಗೂ ಪರಿಚಿತವಾಗಿದೆ. ಆದರೆ ಒಂದು ಎಳೆಯಲ್ಲಿ ಬಂದ ಬೆಳಕನ್ನು ಬೇಕಾದ ಇನ್ನೊಂದು ಎಳೆಗೆ ದಾಟಿಸುವುದು ಹೇಗೆ? ಯಂತ್ರಗಳನ್ನು ನಿಯಂತ್ರಿಸುವ ಸಾಫ್ಟ್‌ವೇರ್ ಬರೆಯುವುದು ನನ್ನ ವೃತ್ತಿಯಾದ್ದರಿಂದ, ಈ ಪ್ರಶ್ನೆಯ ಇತಿಹಾಸವನ್ನು ಶಾಲೆಯ ಸುವರ್ಣ ಮಹೋತ್ಸವ ಸಂಚಿಕೆಯ ಓದುಗರ ಮುಂದಿಡಲು ಇಚ್ಛಿಸುತ್ತೇನೆ. ಇದರ ಬೇರು ಇರುವುದು ನಮ್ಮ ಹೈಸ್ಕೂಲಿನ ವಿಜ್ಞಾನ ಪುಸ್ತಕದ ಬೆಳಕಿನ ಪಾಠದಲ್ಲೇ.

ಸಮುದ್ರದಾಚೆಯ ಸಂದೇಶ, ಪುಟ್ಟ ಕನ್ನಡಿ

1858ರಲ್ಲಿ ಐರ್ಲೆಂಡಿನಿಂದ ನ್ಯೂಫೌಂಡ್‌ಲ್ಯಾಂಡಿಗೆ ಅಟ್ಲಾಂಟಿಕ್ ಸಾಗರದ ತಳದಲ್ಲಿ ಟೆಲಿಗ್ರಾಫ್ ತಂತಿ ಹಾಕಿದರು. ಅಷ್ಟು ದೂರ ಹರಿದು ಬಂದ ವಿದ್ಯುತ್ತು ಸಾಮಾನ್ಯ ಉಪಕರಣದ ಮುಳ್ಳನ್ನು ಅಲುಗಾಡಿಸಲಾರದಷ್ಟು ಕ್ಷೀಣವಾಗಿರುತ್ತಿತ್ತು. ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದ ವಿಲಿಯಂ ಥಾಮ್ಸನ್ ಇದಕ್ಕೊಂದು ಉಪಾಯ ಕಂಡುಕೊಂಡರು. ಪುಟ್ಟ ಕನ್ನಡಿಯ ಬೆನ್ನಿಗೆ ಸಣ್ಣ ಅಯಸ್ಕಾಂತ ಅಂಟಿಸಿ, ಅದನ್ನು ರೇಷ್ಮೆ ಎಳೆಯಲ್ಲಿ ತೂಗುಬಿಟ್ಟು, ಅದರ ಮೇಲೆ ದೀಪದ ಬೆಳಕು ಬೀಳಿಸಿದರು. ಕನ್ನಡಿ ಕಾಣದಷ್ಟು ತಿರುಗಿದರೂ ದೂರದ ಅಳತೆಪಟ್ಟಿಯ ಮೇಲೆ ಬೆಳಕಿನ ಚುಕ್ಕೆ ಎದ್ದು ಕಾಣುವಂತೆ ಸರಿಯುತ್ತಿತ್ತು.

ಪತನ ಕೋನ ಮತ್ತು ಪ್ರತಿಫಲನ ಕೋನ ಸಮ ಎಂದು ನಾವೆಲ್ಲ ಬಾಯಿಪಾಠ ಮಾಡಿದ ನಿಯಮವೇ ಇಲ್ಲಿ ಕೆಲಸ ಮಾಡಿದ್ದು. ಕನ್ನಡಿ ಒಂದು ಡಿಗ್ರಿ ತಿರುಗಿದರೆ ಪ್ರತಿಫಲಿತ ಕಿರಣ ಎರಡು ಡಿಗ್ರಿ ತಿರುಗುತ್ತದೆ. ಆ ಮೊದಲ ಕೇಬಲ್ ಕೆಲವೇ ವಾರಗಳಲ್ಲಿ ಕೆಟ್ಟಿತು; 1866ರಲ್ಲಿ ಬಾಳಿಕೆ ಬರುವ ಕೇಬಲ್ ಬಂತು. ಸಂದೇಶ ಓದಲು ನೆರವಾದ ಕನ್ನಡಿಯೇ ಮುಂದೆ ಸಂದೇಶಕ್ಕೆ ದಾರಿ ತೋರಿಸುವ ಕೆಲಸಕ್ಕೂ ಬಂತು.

ಕೈಯಿಂದ ಯಂತ್ರಕ್ಕೆ

ದೂರವಾಣಿ ಬಂದ ಹೊಸತರಲ್ಲಿ ದಾರಿ ಬದಲಿಸುವ ಕೆಲಸ ಮನುಷ್ಯರದಾಗಿತ್ತು. ಆಪರೇಟರ್ ನಂಬರ್ ಕೇಳಿಕೊಂಡು, ಬೋರ್ಡಿನ ಸರಿಯಾದ ರಂಧ್ರಕ್ಕೆ ತಂತಿ ಚುಚ್ಚಿ, ಸಂಪರ್ಕ ಆಯಿತೇ ಎಂದು ಕಿವಿಗೊಟ್ಟು ಕೇಳಿ ಖಚಿತಪಡಿಸಿಕೊಳ್ಳುತ್ತಿದ್ದರು. ಅಮೆರಿಕದ ಆಲ್ಮನ್ ಸ್ಟ್ರೋಜರ್ 1891ರಲ್ಲಿ ಸ್ವಯಂಚಾಲಿತ ಎಕ್ಸ್‌ಚೇಂಜ್‌ಗೆ ಪೇಟೆಂಟ್ ಪಡೆದರು. 1948ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಇದೇ ಮಾದರಿಯ ಎಕ್ಸ್‌ಚೇಂಜ್‌ಗಳನ್ನು ತಯಾರಿಸಿ ದೇಶಕ್ಕೆ ಕೊಟ್ಟಿತು. ಸಿ-ಡಾಟ್ ಸಂಸ್ಥೆ ನಮ್ಮ ಹಳ್ಳಿಗಳ ಧೂಳು, ಸೆಕೆಗಳನ್ನು ತಡೆಯುವಂತೆ ರೂಪಿಸಿದ ಗ್ರಾಮೀಣ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜ್ 1986ರಲ್ಲಿ ಮೊದಲು ಕೆಲಸ ಆರಂಭಿಸಿದ್ದು ನಮ್ಮ ಕಿತ್ತೂರಿನಲ್ಲಿ ಎಂಬುದು ಕನ್ನಡಿಗರು ನೆನಪಿಡಬೇಕಾದ ಸಂಗತಿ.

ಈ ಹೊತ್ತಿಗೆ ತಾಮ್ರದ ಜಾಗಕ್ಕೆ ಗಾಜು ಬರತೊಡಗಿತ್ತು. ಶುದ್ಧ ಗಾಜಿನಲ್ಲಿ ಬೆಳಕು ಬಹುದೂರ ಹೋಗಬಲ್ಲದು ಎಂದು 1966ರಲ್ಲಿ ಚಾರ್ಲ್ಸ್ ಕಾವೊ ಮತ್ತು ಜಾರ್ಜ್ ಹಾಕಮ್ ಇಂಗ್ಲೆಂಡಿನಲ್ಲಿ ತೋರಿಸಿಕೊಟ್ಟರು. ಒಂದು ಕಿಲೋಮೀಟರ್ ಸಾಗಿದ ಮೇಲೆ ನೂರರಲ್ಲಿ ಒಂದು ಪಾಲು ಬೆಳಕು ಉಳಿದರೂ ಸಾಕು ಎಂಬುದು ಅವರು ಇಟ್ಟ ಗುರಿ. 1970ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿಯ ವಿಜ್ಞಾನಿಗಳು ಆ ಗುರಿಯನ್ನೂ ಮೀರಿದ ಗಾಜು ಮಾಡಿದರು. ಕಾವೊ ಅವರಿಗೆ 2009ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಆದರೆ ಎಕ್ಸ್‌ಚೇಂಜ್‌ನಲ್ಲಿ ಬೆಳಕು ನಿಲ್ಲಲೇಬೇಕಿತ್ತು. ಅಲ್ಲಿ ಅದನ್ನು ವಿದ್ಯುತ್ತಾಗಿ ಬದಲಿಸಿ, ದಾರಿ ನೋಡಿ, ಮತ್ತೆ ಬೆಳಕಾಗಿಸಿ ಕಳಿಸಬೇಕಿತ್ತು. ಸಂದೇಶದ ವೇಗ ಹೆಚ್ಚಿದಷ್ಟೂ ಆ ಉಪಕರಣ ದುಬಾರಿಯಾಗುತ್ತಿತ್ತು, ಹೆಚ್ಚು ವಿದ್ಯುತ್ತು ನುಂಗುತ್ತಿತ್ತು. ಕನ್ನಡಿಗೆ ಈ ಸಮಸ್ಯೆ ಇಲ್ಲ. ಸಂದೇಶ ಎಷ್ಟೇ ವೇಗದ್ದಾಗಿರಲಿ, ಅದು ಬೆಳಕನ್ನು ಹಾಗೆಯೇ ತಿರುಗಿಸಿಬಿಡುತ್ತದೆ.

ಗುರಿ ಎಷ್ಟು ಚಿಕ್ಕದು?

ದೂರ ಸಾಗುವ ಫೈಬರ್‌ನಲ್ಲಿ ಬೆಳಕು ಹರಿಯುವ ನಡುಭಾಗದ ಅಗಲ ಸುಮಾರು 9 ಮೈಕ್ರಾನ್ ಮಾತ್ರ. ಒಂದು ಮಿಲಿಮೀಟರಿನಲ್ಲಿ ಸಾವಿರ ಮೈಕ್ರಾನ್. ನಮ್ಮ ತಲೆಗೂದಲೇ ಸುಮಾರು 70 ಮೈಕ್ರಾನ್ ದಪ್ಪವಿರುತ್ತದೆ. ಕನ್ನಡಿ ಒಂದು ಡಿಗ್ರಿಯ ನೂರನೇ ಒಂದು ಭಾಗದಷ್ಟು ವಾಲಿದರೂ 10 ಸೆಂಟಿಮೀಟರ್ ದೂರದಲ್ಲಿ ಕಿರಣ ಸುಮಾರು 35 ಮೈಕ್ರಾನ್, ಅಂದರೆ ಅರ್ಧ ಕೂದಲಿನಷ್ಟು, ಸರಿದಿರುತ್ತದೆ.

ಫೈಬರ್‌ನ ತುದಿಯಿಂದ ಹೊರಬಂದ ಬೆಳಕು ಹರಡಿಕೊಳ್ಳುತ್ತದೆ. ಅದನ್ನು ಸಣ್ಣ ಮಸೂರದಿಂದ ನೇರ ಕಿರಣವಾಗಿಸಿ ಒಂದು ಕನ್ನಡಿಯ ಮೇಲೆ, ಅಲ್ಲಿಂದ ಎರಡನೆಯ ಕನ್ನಡಿಯ ಮೇಲೆ ಬೀಳಿಸಿ, ಮತ್ತೊಂದು ಮಸೂರದ ಮೂಲಕ ಬೇಕಾದ ಫೈಬರ್‌ಗೆ ಸೇರಿಸುತ್ತಾರೆ. ಎರಡು ಕನ್ನಡಿ ಯಾಕೆ? ಒಂದೇ ಕನ್ನಡಿಯಿದ್ದರೆ ಕಿರಣ ಸರಿಯಾದ ಜಾಗ ತಲುಪಿದರೂ ಓರೆಯಾಗಿ ತಲುಪುತ್ತದೆ. ಓರೆಯಾಗಿ ಬಂದ ಬೆಳಕು ಫೈಬರ್‌ನೊಳಗೆ ಸರಿಯಾಗಿ ಹೋಗುವುದಿಲ್ಲ. ಎರಡನೆಯ ಕನ್ನಡಿ ಅದನ್ನು ನೆಟ್ಟಗೆ ಮಾಡುತ್ತದೆ. ಇಂತಹ ನೂರಾರು ಪುಟ್ಟ ಕನ್ನಡಿಗಳನ್ನು ಒಂದೇ ಸಿಲಿಕಾನ್ ಚಿಪ್ಪಿನ ಮೇಲೆ ಕೆತ್ತಿ, ವೋಲ್ಟೇಜ್ ಕೊಟ್ಟು ಎಡ-ಬಲ, ಮೇಲೆ-ಕೆಳಗೆ ವಾಲಿಸುತ್ತಾರೆ.

ಬೆಳಕು ಎಲ್ಲಿ ಬಿತ್ತೆಂದು ತಿಳಿಯುವುದು

ಒಮ್ಮೆ ಅಳತೆ ಮಾಡಿ ಕನ್ನಡಿಯನ್ನು ನಿಲ್ಲಿಸಿಬಿಟ್ಟರೆ ಸಾಕಾಗುವುದಿಲ್ಲ. ಬಿಸಿಲೇರಿದಂತೆ ಲೋಹ ಹಿಗ್ಗುತ್ತದೆ, ಪಕ್ಕದ ಫ್ಯಾನ್ ಅದುರಿಸುತ್ತದೆ, ಕಾಲ ಕಳೆದಂತೆ ಅದೇ ವೋಲ್ಟೇಜಿಗೆ ಕನ್ನಡಿ ಬೇರೆ ಕೋನಕ್ಕೆ ವಾಲಬಹುದು. ಆದ್ದರಿಂದ ಬೆಳಕು ಎಲ್ಲಿ ಬೀಳುತ್ತಿದೆ ಎಂದು ಸದಾ ನೋಡುತ್ತ, ತಿದ್ದುತ್ತ ಇರಬೇಕು.

ಒಂದು ವಿಧಾನದಲ್ಲಿ, ಹೊರಹೋಗುವ ಬೆಳಕಿನ ಚಿಕ್ಕದೊಂದು ಪಾಲನ್ನು ಬೇರ್ಪಡಿಸಿ ಸೆನ್ಸರಿನಿಂದ ಅಳೆಯುತ್ತಾರೆ. ಕನ್ನಡಿಯನ್ನು ತುಸು ಆ ಕಡೆ, ತುಸು ಈ ಕಡೆ ಅಲುಗಿಸಿ, ಬೆಳಕು ಹೆಚ್ಚಾದ ಕಡೆಗೆ ಸರಿಸುತ್ತ ಹೋಗುತ್ತಾರೆ. ಹಿಂದೆ ಮಹಡಿಯ ಮೇಲೆ ಒಬ್ಬರು ಟಿ.ವಿ. ಆಂಟೆನಾ ತಿರುಗಿಸುತ್ತ, ಕೆಳಗಿನಿಂದ ಇನ್ನೊಬ್ಬರು "ಇನ್ನೂ ಸ್ವಲ್ಪ, ಹಾಂ, ಬಂತು ಬಂತು!" ಎಂದು ಕೂಗುತ್ತಿದ್ದರಲ್ಲ, ಅದೇ ಕ್ರಮ.

ಫೈಬರ್‌ನಲ್ಲಿ ಆ ಹೊತ್ತಿಗೆ ಬೆಳಕೇ ಬರುತ್ತಿಲ್ಲವಾದರೆ ಅಳೆಯುವುದು ಏನನ್ನು? ಇದಕ್ಕೆ ಎರಡು ಉತ್ತರಗಳು ಹುಟ್ಟಿದವು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಶುರುವಾದ ಪೊಲಾಟಿಸ್ ಕಂಪನಿ ಕನ್ನಡಿಯ ಬದಲು ಫೈಬರ್‌ನ ತುದಿಯನ್ನೇ ಅಲುಗಿಸಿ, ಅದು ನಿಂತ ಜಾಗವನ್ನು ಸೆನ್ಸರುಗಳಿಂದ ಅಳೆಯಿತು. ಇನ್ನೊಂದು ಉತ್ತರ, ಸಂದೇಶದ ಬೆಳಕಿನ ಜೊತೆಗೆ ಪರೀಕ್ಷೆಗೆಂದೇ ಬೇರೊಂದು ಬೆಳಕನ್ನು ಕನ್ನಡಿಗಳ ಮೇಲೆ ಬಿಟ್ಟು, ಕ್ಯಾಮೆರಾದಿಂದ ನೋಡುವುದು.

ಬಿದ್ದು ಎದ್ದ ವಿದ್ಯೆ

1999ರಲ್ಲಿ ಅಮೆರಿಕದ ಲೂಸೆಂಟ್ ಕಂಪನಿ 256 ಫೈಬರ್‌ಗಳನ್ನು ಬೇಕಾದಂತೆ ಜೋಡಿಸಬಲ್ಲ ಕನ್ನಡಿ ಸ್ವಿಚ್ಚನ್ನು ಪ್ರಕಟಿಸಿತು. 2000ರಲ್ಲಿ ಕೆನಡಾದ ನಾರ್ಟೆಲ್, ಇಂತಹದೇ ಕನ್ನಡಿ ಮಾಡುತ್ತಿದ್ದ ಝೆರೋಸ್ ಎಂಬ ಸಣ್ಣ ಕಂಪನಿಯನ್ನು 325 ಕೋಟಿ ಡಾಲರ್ ಬೆಲೆಯ ಷೇರು ಕೊಟ್ಟು ಕೊಂಡಿತು. ಮರುವರ್ಷವೇ ದೂರಸಂಪರ್ಕ ಮಾರುಕಟ್ಟೆ ಕುಸಿಯಿತು. ಅಗತ್ಯಕ್ಕಿಂತ ಹೆಚ್ಚು ಕೇಬಲ್ ಹೂತಿದ್ದ ಕಂಪನಿಗಳಿಗೆ ಹೊಸ ಸ್ವಿಚ್ ಬೇಕಿರಲಿಲ್ಲ. 2002ರಲ್ಲಿ ಲೂಸೆಂಟ್ ತನ್ನ ಸ್ವಿಚ್ಚನ್ನು ಕೈಬಿಟ್ಟಿತು. ಎಷ್ಟೋ ಎಂಜಿನಿಯರುಗಳ ವರ್ಷಗಟ್ಟಲೆಯ ದುಡಿಮೆ ಮೂಲೆಗೆ ಬಿತ್ತು.

ಆದರೆ ಕಲಿತ ವಿದ್ಯೆ ಅಳಿಯಲಿಲ್ಲ. ಸುಮಾರು 20 ವರ್ಷಗಳ ಬಳಿಕ, 2022ರಲ್ಲಿ, ಗೂಗಲ್ ಕಂಪನಿ ತನ್ನ ಡೇಟಾ ಸೆಂಟರ್‌ಗಳಲ್ಲಿ ಬಳಸುತ್ತಿದ್ದ ಪಾಲೊಮಾರ್ ಎಂಬ ಸ್ವಿಚ್ಚಿನ ವಿವರ ಪ್ರಕಟಿಸಿತು. ಅದರಲ್ಲಿ ಒಳಬರುವ 136, ಹೊರಹೋಗುವ 136 ದಾರಿಗಳಿವೆ. 850 ನ್ಯಾನೊಮೀಟರ್ ತರಂಗಾಂತರದ ಪರೀಕ್ಷಾ ಬೆಳಕು ಕನ್ನಡಿಗಳ ಮೇಲೆ ಬೀಳುತ್ತದೆ. ಕ್ಯಾಮೆರಾ ಆ ಚುಕ್ಕೆಗಳನ್ನು ನೋಡಿ ಹೇಳುತ್ತದೆ. ಸಾಫ್ಟ್‌ವೇರ್ ಕನ್ನಡಿಗಳನ್ನು ತಿದ್ದುತ್ತದೆ. ಕೃತಕ ಬುದ್ಧಿಮತ್ತೆಗಾಗಿ ಕಟ್ಟಿದ, 4,096 ಚಿಪ್ಪುಗಳ ಸೂಪರ್ ಕಂಪ್ಯೂಟರನ್ನು ಇಂತಹ ಸ್ವಿಚ್ಚುಗಳೇ ಜೋಡಿಸುತ್ತವೆ.

ಅಟ್ಲಾಂಟಿಕ್ ತಂತಿಯ ಕಾಲದಲ್ಲಿ ಬೆಳಕಿನ ಚುಕ್ಕೆಯನ್ನು ಮನುಷ್ಯನ ಕಣ್ಣು ನೋಡುತ್ತಿತ್ತು. ಈಗ ಕ್ಯಾಮೆರಾ ನೋಡುತ್ತದೆ. ಯಾವ ಕನ್ನಡಿಯನ್ನೂ ಎಂದೂ ತಪ್ಪದಂತೆ ತಯಾರಿಸಲು ಸಾಧ್ಯವಿಲ್ಲ ಎಂದು ಒಪ್ಪಿಕೊಂಡು, ತಪ್ಪಿದ್ದೆಷ್ಟು ಎಂದು ಅಳೆಯುವ ದಾರಿ ಹುಡುಕಿದ್ದರಿಂದಲೇ ಈ ಯಂತ್ರಗಳು ನಿಂತಿವೆ. ಪ್ರಯೋಗಶಾಲೆಯಲ್ಲಿ ಕನ್ನಡಿಯ ಮುಂದೆ ಗುಂಡುಸೂಜಿ ನೆಟ್ಟು ಕೋನ ಅಳೆಯುವಾಗ ಉತ್ತರ ಒಂದೆರಡು ಡಿಗ್ರಿ ತಪ್ಪಿದರೆ, ಪುಸ್ತಕದ ಅಂಕಿಯನ್ನೇ ಬರೆದುಬಿಡುವ ಆಸೆ ಮಕ್ಕಳಿಗೆ ಆಗುವುದು ಸಹಜ. ಈಗ ನಮ್ಮ ಶಾಲೆಯಲ್ಲಿ ಓದುತ್ತಿರುವ ತಮ್ಮ ತಂಗಿಯರಲ್ಲಿ ನನ್ನದೊಂದೇ ವಿನಂತಿ: ನಿಮಗೆ ಬಂದ ಅಂಕಿಯನ್ನೇ ಬರೆಯಿರಿ, ಎಷ್ಟು ತಪ್ಪಿತು, ಯಾಕೆ ತಪ್ಪಿತು ಎಂದು ಮೇಷ್ಟ್ರನ್ನು ಕೇಳಿರಿ. ಜಗತ್ತಿನ ಬಹುದೊಡ್ಡ ಯಂತ್ರಗಳು ಕ್ಷಣಕ್ಷಣವೂ ಮಾಡುತ್ತಿರುವುದು ಅದನ್ನೇ.

– ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್