ವಲಸೆಗಾರನ ಬಂಡಿಯೂ ಸುಂಕದ ಕಟ್ಟೆಯೂ

ಮನೆಮಾರುಗಳನ್ನು ಬಿಟ್ಟು ಪರನಾಡಿನಲ್ಲಿ ನೆಲೆಸಲು ಹೊರಟ ಮನುಷ್ಯನು ತನ್ನೊಡನೆ ಒಯ್ಯುವ ಪದಾರ್ಥಗಳಲ್ಲಿ ವಾಹನದ ಸ್ಥಿತಿ ವಿಲಕ್ಷಣವಾದುದು. ಪಾತ್ರೆಪಡಗ, ಹಾಸಿಗೆಹೊದಿಕೆ, ಗ್ರಂಥ, ಉಪಕರಣ ಮೊದಲಾದವು ಹೊರೆಯಾಗತಕ್ಕವು, ಬಂಡಿಯಾದರೋ ಹೊರತಕ್ಕುದು. ‘ವಹ’ ಎಂಬ ಧಾತುವಿನಿಂದ ಹುಟ್ಟಿದ ‘ವಾಹನ’ ಶಬ್ದಕ್ಕೆ ಒಯ್ಯುವ ಸಾಧನವೆಂಬುದೇ ಅರ್ಥ. ಆದರೆ ರಾಜ್ಯದ ಎಲ್ಲೆಯನ್ನು ಮುಟ್ಟಿದೊಡನೆ ಈ ಸಾಧನವೂ ಸುಂಕದ ಅಧಿಕಾರಿಯ ಕಣ್ಣಿಗೆ ಒಂದು ಹೊರೆಯಾಗಿಯೇ ತೋರುವುದು. ಇದು ಒಡೆಯನ ಗೃಹೋಪಕರಣವೋ ಮಾರಾಟಕ್ಕೆಂದು ತಂದ ಪಣ್ಯವೋ ಎಂಬ ಪ್ರಶ್ನೆಯು ಏಳುವುದು ಅಲ್ಲಿಯೇ. ಬಂಡಿಯ ಕಾಲದಿಂದ ಮೋಟಾರಿನ ಕಾಲದವರೆಗೂ ಈ ಪ್ರಶ್ನೆಯು ಬಿಟ್ಟುಹೋಗಿಲ್ಲ. ಅದಕ್ಕೆ ಕೊಟ್ಟ ಉತ್ತರಗಳಲ್ಲಿ ಆಯಾ ರಾಜ್ಯಗಳ ಸ್ವಭಾವವು ಕಾಣಬರುತ್ತದೆ.

ಕೌಟಿಲ್ಯನ ಅರ್ಥಶಾಸ್ತ್ರದ ಅಧ್ಯಕ್ಷಪ್ರಚಾರವೆಂಬ ಅಧಿಕರಣದಲ್ಲಿ ಶುಲ್ಕಾಧ್ಯಕ್ಷನ ಕರ್ತವ್ಯಗಳು ವಿಸ್ತಾರವಾಗಿ ಹೇಳಲ್ಪಟ್ಟಿವೆ. ಎಲ್ಲೆಯನ್ನು ಕಾಯುವ ಅಂತಪಾಲನು ಪಣ್ಯವನ್ನು ಹೊತ್ತ ಬಂಡಿಯೊಂದಕ್ಕೆ ಒಂದೂಕಾಲು ಪಣವನ್ನೂ, ಒಂಟಿಗೊರಸಿನ ಪ್ರಾಣಿಗೆ ಒಂದು ಪಣವನ್ನೂ, ದನಗಳಿಗೆ ಅರ್ಧ ಪಣವನ್ನೂ ದಾರಿಸುಂಕವಾಗಿ ತೆಗೆದುಕೊಳ್ಳಬೇಕೆಂಬುದು ಅಲ್ಲಿನ ವಿಧಿ. ಆದರೆ ಅದೇ ಗ್ರಂಥವು ವಿವಾಹಕ್ಕೆ ಬೇಕಾದ ವಸ್ತುಗಳು, ವಧುವು ತವರಿನಿಂದ ಗಂಡನ ಮನೆಗೆ ಒಯ್ಯುವ ಪದಾರ್ಥಗಳು, ಯಜ್ಞ, ಪ್ರಸವ, ದೇವಪೂಜೆ, ಉಪನಯನಾದಿಗಳಿಗೆ ಸಂಬಂಧಿಸಿದ ಸಾಮಗ್ರಿಗಳು, ಇವಕ್ಕೆ ಸುಂಕವನ್ನು ಬಿಟ್ಟುಕೊಡಬೇಕೆಂದು ವಿಧಿಸುತ್ತದೆ. ವ್ಯಾಪಾರಕ್ಕಲ್ಲದೆ ಬಾಳಿಗೆಂದು ಚಲಿಸುವ ವಸ್ತುವನ್ನು ಅರಸನು ಬೇರೆ ದೃಷ್ಟಿಯಿಂದ ನೋಡಬೇಕೆಂಬುದು ಇದರ ತಾತ್ಪರ್ಯ. ಕನ್ನಡ ನಾಡಿನ ಶಾಸನಗಳಲ್ಲಿ ಪದೇ ಪದೇ ಬರುವ ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆಗಳೆಂಬ ತೆರಿಗೆಗಳೂ, ಎತ್ತಿನ ಹೇರನ್ನು ಮಾನವಾಗಿಟ್ಟುಕೊಂಡ ಲೆಕ್ಕಗಳೂ ಸುಂಕದ ವ್ಯವಸ್ಥೆಯು ಇಲ್ಲಿಯೂ ಎಷ್ಟು ಸೂಕ್ಷ್ಮವಾಗಿ ಬೆಳೆದಿತ್ತೆಂಬುದನ್ನು ತೋರಿಸುತ್ತವೆ.

ಈ ತತ್ತ್ವವು ಅರ್ವಾಚೀನ ಕಾಲದಲ್ಲಿ ಪಡೆದ ರೂಪವನ್ನು ತಿಳಿಯಬೇಕಾದರೆ ಕೆನಡಾ ದೇಶದ ಚರಿತ್ರೆಯಷ್ಟು ಉಪಯುಕ್ತವಾದುದು ವಿರಳ. ಏಕೆಂದರೆ ಆ ದೇಶದ ಪಶ್ಚಿಮಭಾಗವು ಬಹುಮಟ್ಟಿಗೆ ವಲಸೆ ಬಂದವರಿಂದಲೇ ತುಂಬಿದುದು. ಅವರಲ್ಲಿ ಅನೇಕರು ತಮ್ಮ ಬಂಡಿಗಳೊಡನೆಯೇ ಬಂದವರು.

೧೮೧೮ರ ಒಪ್ಪಂದದಿಂದ ಬ್ರಿಟಿಷರ ಉತ್ತರ ಅಮೆರಿಕಕ್ಕೂ ಸಂಯುಕ್ತ ಸಂಸ್ಥಾನಗಳಿಗೂ ನಡುವೆ ರಾಕಿ ಪರ್ವತಗಳವರೆಗೆ ೪೯ನೆಯ ಅಕ್ಷಾಂಶವು ಎಲ್ಲೆಯಾಯಿತು. ಆ ಬಯಲಿನಲ್ಲಿ ಎಲ್ಲೆಗೆ ಗುರುತಾಗಿ ನದಿಯಿಲ್ಲ, ಬೆಟ್ಟವಿಲ್ಲ. ಗೆರೆಯು ಕಾಗದದ ಮೇಲೆ ಮಾತ್ರವಿತ್ತು. ಫ್ರೆಂಚರಿಗೂ ಮೂಲನಿವಾಸಿಗಳಿಗೂ ಹುಟ್ಟಿದ ಮೆಟೀ ಜನರು ‘ರೆಡ್ ರಿವರ್ ಬಂಡಿ’ಯೆಂಬ ಎರಡು ಗಾಲಿಯ ವಾಹನವನ್ನು ಹೂಡಿಕೊಂಡು ಆ ಗೆರೆಯ ಆಚೀಚೆಗೆ ಸಂಚರಿಸುತ್ತಿದ್ದರು. ಆ ಬಂಡಿಯಲ್ಲಿ ಕಬ್ಬಿಣದ ಒಂದು ಮೊಳೆಯೂ ಇರಲಿಲ್ಲ; ಎಲ್ಲವೂ ಮರ ಮತ್ತು ಹಸಿಯ ತೊಗಲಿನ ಪಟ್ಟಿ. ದಾರಿಯಲ್ಲಿ ಮುರಿದರೆ ದಾರಿಯ ಮರದಿಂದಲೇ ರಿಪೇರಿ. ಹೊಳೆ ಅಡ್ಡಬಂದರೆ ಗಾಲಿಗಳನ್ನು ಬಿಚ್ಚಿ ಬಂಡಿಯನ್ನೇ ತೆಪ್ಪವಾಗಿ ಮಾಡಿಕೊಳ್ಳುತ್ತಿದ್ದರು. ಧೂಳು ಮೆತ್ತಿಕೊಳ್ಳುವುದೆಂದು ಅಚ್ಚಿಗೆ ಕೀಲೆಣ್ಣೆಯನ್ನು ಹಾಕುತ್ತಿರಲಿಲ್ಲವಾದುದರಿಂದ ಅದರ ಕಿರಿಚಾಟವು ಹರದಾರಿಗಳ ದೂರಕ್ಕೆ ಕೇಳಿಸುತ್ತಿತ್ತು. ವಾಹನವು ನೆಲಕ್ಕೆ ಹೊಂದಿಕೊಂಡಿದ್ದ ಆ ಕಾಲದಲ್ಲಿ ಅದನ್ನು ತಡೆದು ‘ನೀನು ಯಾವ ನಾಡಿನದು?’ ಎಂದು ಕೇಳುವವರು ವಿರಳವಾಗಿದ್ದರು.

೧೮೬೭ರಲ್ಲಿ ಕೆನಡಾ ಸಂಯುಕ್ತ ರಾಜ್ಯವು ಸ್ಥಾಪಿತವಾಯಿತು; ೧೮೭೦ರಲ್ಲಿ ಹಡ್ಸನ್ ಬೇ ಕಂಪೆನಿಯ ವಿಶಾಲ ಭೂಮಿಯು ಅದರ ವಶಕ್ಕೆ ಬಂದಿತು. ೧೮೭೨ರ ಭೂಶಾಸನದ ಪ್ರಕಾರ ಹತ್ತು ಡಾಲರುಗಳ ಶುಲ್ಕವನ್ನು ಕೊಟ್ಟು, ನಿಯತಕಾಲ ನೆಲೆಸಿ ಉಳುಮೆ ಮಾಡುವವನಿಗೆ ೧೬೦ ಎಕರೆ ನೆಲವು ದೊರೆಯುವಂತಾಯಿತು. ಇತ್ತ ೧೮೭೯ರಲ್ಲಿ ಪ್ರಧಾನಿ ಸರ್ ಜಾನ್ ಮ್ಯಾಕ್‌ಡೊನಾಲ್ಡನು ಸ್ವದೇಶದ ಕೈಗಾರಿಕೆಯ ರಕ್ಷಣೆಗಾಗಿ ಹೆಚ್ಚಿನ ಸುಂಕದ ಗೋಡೆಯನ್ನು ಕಟ್ಟಿಸಿದನು. ಹೀಗೆ ರಾಜ್ಯವು ಒಂದು ಕೈಯಿಂದ ಜನರನ್ನು ಕರೆಯುತ್ತ ಇನ್ನೊಂದು ಕೈಯಿಂದ ಸರಕನ್ನು ತಡೆಯುತ್ತಿದ್ದಿತು. ಬಂಡಿ ನೇಗಿಲುಗಳನ್ನು ಹೊತ್ತು ಬರುವ ಒಕ್ಕಲಿಗನಲ್ಲಿ ಈ ಎರಡು ನೀತಿಗಳೂ ಸಂಧಿಸಿದವು. ಅವನನ್ನು ಬಿಡಬೇಕು, ಅವನ ಬಂಡಿಯನ್ನು ತಡೆಯಬೇಕು ಎಂದರೆ ಅವನು ಬರುವನೇ?

ಈ ವಿರೋಧಕ್ಕೆ ಪರಿಹಾರವಾಗಿ ‘ವಲಸಿಗನ ಸರಂಜಾಮು’ ಎಂಬ ವಿಶೇಷ ವರ್ಗವು ಸುಂಕದ ಪಟ್ಟಿಯಲ್ಲಿ ನೆಲೆಗೊಂಡಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದರ ಸ್ವರೂಪವು ಹೀಗಿತ್ತು: ಉಡುಪು, ಪುಸ್ತಕ, ಗೃಹಸಾಮಗ್ರಿ, ಕಸುಬಿನ ಆಯುಧಗಳು, ಹೊಲಿಗೆಯ ಯಂತ್ರ, ಬಂಡಿಗಳು ಮತ್ತು ಇತರ ವಾಹನಗಳು, ಸಾಕುಪ್ರಾಣಿಗಳು ಸುಂಕವಿಲ್ಲದೆ ಬರಬಹುದು. ಆದರೆ ವಾಹನಾದಿಗಳನ್ನು ವಲಸಿಗನು ಹೊರಡುವುದಕ್ಕೆ ಮುಂಚೆ ಕನಿಷ್ಠ ಆರು ತಿಂಗಳು ಬಳಸಿರಬೇಕು. ಮೊದಲ ಸಲ ಬರುವಾಗಲೇ ತನ್ನೊಡನೆ ತರಬೇಕು. ತಂದಮೇಲೆ ಹನ್ನೆರಡು ತಿಂಗಳು ತಾನೇ ಬಳಸದೆ ಸುಂಕ ತೆರದೆ ಮಾರಕೂಡದು. ಕುದುರೆಗಳನ್ನು ಮಾತ್ರ ತರುವವನಾದರೆ ಹದಿನಾರಕ್ಕೆ ಮಿತಿ. ೧೬೦ ಎಕರೆಗೆ ಹದಿನಾರು ಎಂಬ ಲೆಕ್ಕವು ಸ್ಪಷ್ಟವಾಗಿಯೇ ಇದೆ. ಮೊದಲಿನ ನಿಯಮವು ಹೊಸ ಸರಕನ್ನು ಹಳೆಯದೆಂದು ತೋರಿಸುವವನಿಗೂ, ಎರಡನೆಯದು ಬಂದು ನೆಲೆಸಿದಮೇಲೆ ಮತ್ತೆ ಮತ್ತೆ ತರಿಸುವವನಿಗೂ, ಮೂರನೆಯದು ವಲಸಿಗನ ವೇಷವನ್ನು ಧರಿಸಿದ ವರ್ತಕನಿಗೂ ಹಾಕಿದ ಅಗುಳಿ. ಮನೆಯ ವಸ್ತುವೋ ಮಾರಾಟದ ವಸ್ತುವೋ ಎಂಬುದನ್ನು ವಸ್ತುವಿನ ರೂಪದಿಂದ ತಿಳಿಯಲಾಗದು, ಬಳಕೆಯಿಂದಲೇ ತಿಳಿಯಬೇಕು ಎಂಬ ವಿವೇಕವು ಇಲ್ಲಿ ಕಾಣುತ್ತದೆ. ಸಂಯುಕ್ತ ಸಂಸ್ಥಾನಗಳ ೧೮೯೦ ಮತ್ತು ೧೮೯೭ರ ಸುಂಕಶಾಸನಗಳಲ್ಲಿಯೂ ಸಂಸಾರಸಮೇತರಾಗಿ ವಲಸೆ ಬರುವವರ ಸ್ವಂತ ಬಂಡಿಗೂ ಅದಕ್ಕೆ ಹೂಡಿದ ಪ್ರಾಣಿಗಳಿಗೂ, ಅವು ಆ ಪ್ರಯಾಣದಲ್ಲಿ ನಿಜವಾಗಿ ಬಳಕೆಯಲ್ಲಿದ್ದರೆ, ಸುಂಕದ ವಿನಾಯಿತಿ ಇತ್ತು.

೧೮೯೬ರಲ್ಲಿ ಕ್ಲಿಫರ್ಡ್ ಸಿಫ್ಟನ್ ಎಂಬಾತನು ಒಳನಾಡಿನ ಶಾಖೆಯ ಮಂತ್ರಿಯಾದಮೇಲೆ ವಲಸೆಯು ಪ್ರವಾಹವಾಗಿ ಹರಿಯಿತು. ೧೯೧೩ನೆಯ ಒಂದೇ ವರ್ಷದಲ್ಲಿ ಸುಮಾರು ನಾಲ್ಕು ಲಕ್ಷ ಜನರು ಕೆನಡಾಕ್ಕೆ ಬಂದರು. ಸಂಯುಕ್ತ ಸಂಸ್ಥಾನಗಳ ಒಕ್ಕಲಿಗರಿಗಾಗಿ ರೈಲ್ವೆ ಕಂಪೆನಿಗಳು ಕಡಿಮೆ ಬಾಡಿಗೆಗೆ ಇಡೀ ಡಬ್ಬಿಯನ್ನೇ ಕೊಡುತ್ತಿದ್ದವು. ಅದರ ಒಂದು ಭಾಗದಲ್ಲಿ ದನಕುದುರೆಗಳು, ಇನ್ನೊಂದು ಭಾಗದಲ್ಲಿ ಮಂಚ, ಒಲೆ, ನೇಗಿಲು, ಗಾಲಿ ಬಿಚ್ಚಿದ ಬಂಡಿ. ಪ್ರಾಣಿಗಳಿಗೆ ಮೇವು ನೀರು ಹಾಕಲು ಒಬ್ಬನಿಗೆ ಅದರಲ್ಲಿಯೇ ಪುಕ್ಕಟೆ ಪ್ರಯಾಣ. ಎಲ್ಲೆಯ ನಿಲ್ದಾಣದಲ್ಲಿ ಸುಂಕದವನು ಪಟ್ಟಿಯನ್ನು ನೋಡುವನು; ಪಶುವೈದ್ಯನು ಪ್ರಾಣಿಗಳನ್ನು ನೋಡುವನು; ತರುವಾಯ ಡಬ್ಬಿಯು ಮುಂದೆ ಸಾಗುವುದು.

ಅಷ್ಟರಲ್ಲಿ ಮೋಟಾರು ಗಾಡಿಯು ಬಂದಿತು. ೧೯೦೪ರಲ್ಲಿ ಫೋರ್ಡ್ ಕಂಪೆನಿಯು ಎಲ್ಲೆಯ ನದಿಯ ಈಚೆಯ ದಡದಲ್ಲಿ, ಆಂಟೇರಿಯೋ ಪ್ರಾಂತದ ವಾಕರ್‌ವಿಲ್ಲಿನಲ್ಲಿ, ಕಾರ್ಖಾನೆಯನ್ನು ತೆರೆಯಿತು. ಆಚೆಯ ದಡದ ಡೆಟ್ರಾಯ್ಟಿನಿಂದ ತಯಾರಾದ ಗಾಡಿಯನ್ನು ತಂದರೆ ಶೇಕಡಾ ೩೫ರ ಸುಂಕ ಬೀಳುತ್ತಿದ್ದುದೇ ಇದಕ್ಕೆ ಮುಖ್ಯ ಕಾರಣ. ಮೂವತ್ತರ ದಶಕದ ಆರ್ಥಿಕ ಕುಸಿತದಲ್ಲಿ ಬಳಸಿದ ಮೋಟಾರುಗಳ ಆಮದನ್ನೇ ರಾಜ್ಯವು ನಿಷೇಧಿಸಿತು. ಆದರೂ ನೆಲೆಸಲು ಬಂದವನ ಸ್ವಂತ ಗಾಡಿಗೆ ಆ ನಿಷೇಧದಲ್ಲಿ ವಿನಾಯಿತಿಯುಂಟಾಗಿ, ವರ್ತಕನಿಗೆ ಮುಚ್ಚಿದ ಬಾಗಿಲು ವಲಸಿಗನಿಗೆ ತೆರೆದೇ ಉಳಿಯಿತು.

ವಾಹನವು ಎಲ್ಲೆಯನ್ನು ದಾಟಿದರೆ ಸಾಲದು, ಹೊಸ ನಾಡಿನ ದಾರಿಯ ಧರ್ಮಕ್ಕೆ ಒಗ್ಗಿಕೊಳ್ಳಲೂ ಬೇಕು. ಕೆನಡಾದ ಕೆಲವು ಪ್ರಾಂತಗಳಲ್ಲಿ ಬ್ರಿಟಿಷ್ ಪದ್ಧತಿಯಂತೆ ಎಡಮಗ್ಗುಲ ಸಂಚಾರವಿದ್ದಿತು. ವ್ಯಾಂಕೂವರಿನಲ್ಲಿ ೧೯೨೨ರ ಜನವರಿ ೧ರಂದೂ, ನೋವಾ ಸ್ಕೋಷಿಯಾದಲ್ಲಿ ೧೯೨೩ರಲ್ಲಿಯೂ ಅದು ಬಲಮಗ್ಗುಲಿಗೆ ಬದಲಾಯಿತು. ನೋವಾ ಸ್ಕೋಷಿಯಾದ ಲೂನೆನ್‌ಬರ್ಗ್ ಸೀಮೆಯಲ್ಲಿ ಎಡಗಡೆ ನಡೆಯಲು ಪಳಗಿದ ಬಂಡಿಯೆತ್ತುಗಳು ಬಲಗಡೆಗೆ ಒಗ್ಗದೆ, ಒಡೆಯರು ಅವನ್ನು ಕಟುಕರಿಗೆ ಮಾರಬೇಕಾಯಿತು. ಮಾಂಸದ ಬೆಲೆಯು ಇಳಿದುಹೋಗಿ, ಆ ವರ್ಷಕ್ಕೆ ‘ಪುಕ್ಕಟೆ ಮಾಂಸದ ವರ್ಷ’ವೆಂದು ಹೆಸರಾಯಿತೆಂದು ಅಲ್ಲಿನವರು ಹೇಳುತ್ತಾರೆ. ನಿಯಮವು ಒಂದು ದಿನದಲ್ಲಿ ಬದಲಾಗಬಹುದು. ಜೀವದ ಅಭ್ಯಾಸವು ಬದಲಾಗದು.

ಈ ಉದಾರ ನಿಯಮಗಳ ಇನ್ನೊಂದು ಮುಖವನ್ನು ಮರೆಯಲಾಗದು. ಅಮೆರಿಕದ ಒಕ್ಕಲಿಗನ ಹದಿನಾರು ಕುದುರೆಗಳಿಗೆ ಸುಂಕವನ್ನು ಬಿಟ್ಟ ರಾಜ್ಯವೇ ಭಾರತೀಯನಾದ ಮನುಷ್ಯನನ್ನು ತಡೆಯಿತು. ೧೯೦೮ರ ಆಜ್ಞೆಯ ಪ್ರಕಾರ ಹುಟ್ಟಿದ ದೇಶದಿಂದ ನಡುವೆ ಎಲ್ಲಿಯೂ ತಡೆಯದೆ, ಒಂದೇ ಟಿಕೀಟಿನಲ್ಲಿ ಬಂದವರಿಗೆ ಮಾತ್ರ ಪ್ರವೇಶ. ಭಾರತದಿಂದ ಹಾಗೆ ಬರುವ ಅನುಕೂಲವೇ ಇರಲಿಲ್ಲ. ಜೊತೆಗೆ ಏಷ್ಯದವರು ಇನ್ನೂರು ಡಾಲರುಗಳನ್ನು ಕೈಯಲ್ಲಿ ತೋರಿಸಬೇಕಾಗಿತ್ತು. ೧೯೧೪ರ ಮೇ ೨೩ರಂದು ೩೭೬ ಜನ ಪ್ರಯಾಣಿಕರೊಡನೆ ವ್ಯಾಂಕೂವರನ್ನು ಮುಟ್ಟಿದ ಕೊಮಾಗಾಟಾ ಮಾರು ಹಡಗನ್ನು ಎರಡು ತಿಂಗಳು ನೀರಿನಲ್ಲಿಯೇ ನಿಲ್ಲಿಸಿ, ಕೆಲವೇ ಮಂದಿಯನ್ನು ಬಿಟ್ಟು ಉಳಿದವರೆಲ್ಲರನ್ನೂ ಜುಲೈ ೨೩ರಂದು ಹಿಂದಕ್ಕೆ ಅಟ್ಟಿದರು. ಅವರಲ್ಲಿ ಬಹುಮಂದಿ ಪಂಜಾಬಿನ ಸಿಖ್ಖರು. ಅದೇ ಸಾಮ್ರಾಜ್ಯದ ಪ್ರಜೆಗಳು. ಸರಂಜಾಮಿನ ಪಟ್ಟಿಯು ವಸ್ತುವನ್ನು ನ್ಯಾಯವಾಗಿ ತೂಗುತ್ತಿದ್ದಿತು. ಮನುಷ್ಯನನ್ನು ತೂಗುವ ತಕ್ಕಡಿ ಮಾತ್ರ ಬೇರೆಯಾಗಿದ್ದಿತು. ೧೯೫೧ರಲ್ಲಿ ವರ್ಷಕ್ಕೆ ೧೫೦ ಜನ ಭಾರತೀಯರಿಗೆ ಎಡೆಯಾಯಿತು. ೧೯೬೭ರಲ್ಲಿ ವಿದ್ಯೆ, ವಯಸ್ಸು, ಕಸುಬುಗಳನ್ನು ಅಂಕಗಳಿಂದ ಅಳೆಯುವ ಪದ್ಧತಿ ಬಂದಮೇಲೆ ಜನಾಂಗದ ತಡೆಯು ತೆಗೆದುಹೋಯಿತು. ೨೦೧೬ರಲ್ಲಿ ಕೆನಡಾದ ಪ್ರಧಾನಿಯು ಕೊಮಾಗಾಟಾ ಮಾರುವಿನ ವಿಷಯದಲ್ಲಿ ಪಾರ್ಲಿಮೆಂಟಿನಲ್ಲಿ ಕ್ಷಮೆ ಬೇಡಿದನು. ಕನ್ನಡಿಗರು ಆ ದೇಶದಲ್ಲಿ ಗಣನೀಯ ಸಂಖ್ಯೆಯಲ್ಲಿ ನೆಲೆಸಿದುದು ಈ ಬದಲಾವಣೆಯ ತರುವಾಯವೇ.

ಆದರೆ ಮನುಷ್ಯನಿಗೆ ಬಾಗಿಲು ತೆರೆಯುತ್ತಿದ್ದ ಕಾಲದಲ್ಲಿಯೇ ಅವನ ಗಾಡಿಗೆ ಬಾಗಿಲು ಮುಚ್ಚಿತು. ೧೯೭೧ರಿಂದ ಜಾರಿಗೆ ಬಂದ ವಾಹನ ಸುರಕ್ಷತಾ ಶಾಸನವು ಕೆನಡಾದ ಮಾನಗಳಿಗೆ ಹೊಂದದ ಗಾಡಿಯನ್ನು ಬರಗೊಡುವುದಿಲ್ಲ. ಸಂಯುಕ್ತ ಸಂಸ್ಥಾನಗಳ ಮಾನಗಳು ಬಹುಮಟ್ಟಿಗೆ ಸಮಾನವಾದುದರಿಂದ ಅಲ್ಲಿಯ ಗಾಡಿಗಳನ್ನು ತಿದ್ದಿ ಪರೀಕ್ಷಿಸಿ ಸೇರಿಸಿಕೊಳ್ಳಲು ೧೯೯೫ರಲ್ಲಿ ಒಂದು ನೋಂದಣಿ ವ್ಯವಸ್ಥೆಯು ಏರ್ಪಟ್ಟಿತು. ಉಳಿದ ಬಹುತೇಕ ದೇಶಗಳವರಿಗೆ ಅಂತಹ ದಾರಿಯಿಲ್ಲ. ಅವರ ಮಾನಗಳಿಗೆ ತಯಾರಾದ ಗಾಡಿಯು ಹದಿನೈದು ವರ್ಷ ಹಳೆಯದಾದರೆ ಮಾತ್ರ ಬರಬಹುದು. ಬೆಂಗಳೂರಿನಲ್ಲಿ ಐದು ವರ್ಷ ಓಡಿದ ಕಾರು ಸುಂಕದ ನಿಯಮದಂತೆ ವಲಸಿಗನ ಸರಂಜಾಮೇ ಸರಿ. ಸುರಕ್ಷತೆಯ ನಿಯಮದಂತೆ ಅದು ಬರಲಾಗದ ವಸ್ತು. ಇತ್ತ ಭಾರತವು ಬಳಸಿದ ಗಾಡಿಯು ಮೂರು ವರ್ಷಕ್ಕಿಂತ ಹಳೆಯದಾಗಿರಬಾರದೆಂದೂ ಅದರ ಚುಕ್ಕಾಣಿಯು ಬಲಗಡೆಗಿರಬೇಕೆಂದೂ ವಿಧಿಸಿದೆ. ಒಂದು ದೇಶಕ್ಕೆ ಹಳೆಯದೇ ಬೇಕು, ಇನ್ನೊಂದಕ್ಕೆ ಹಳೆಯದು ಬೇಡ. ಅಲ್ಲಿ ಹದಿನೈದು ವರ್ಷದ ಗಾಡಿಯನ್ನು ವಿರಳವೆಂದು ಕಂಡು ಬಿಡುತ್ತಾರೆ. ಇಲ್ಲಿ ಪರದೇಶಗಳ ಸವೆದ ಗಾಡಿಗಳು ಬಂದು ತುಂಬಿಕೊಂಡಾವೆಂದು ತಡೆಯುತ್ತಾರೆ.

ಇಷ್ಟಾದರೂ ಹಳೆಯ ತತ್ತ್ವವು ಅಳಿದಿಲ್ಲ. ವಲಸಿಗನ ವಸ್ತುವು ಅವನ ಒಡೆತನ, ವಶ, ಬಳಕೆಗಳಲ್ಲಿದ್ದಿರಬೇಕು, ಹನ್ನೆರಡು ತಿಂಗಳೊಳಗೆ ಮಾರಬಾರದು ಎಂಬ ನಿಯಮವು ಕೆನಡಾದಲ್ಲಿ ಇಂದಿಗೂ ಇದೆ. ಹತ್ತು ಸಾವಿರ ಡಾಲರನ್ನು ಮೀರಿದ ಬೆಲೆಯ ಒಂದು ವಸ್ತುವಿಗೆ ಮೀರಿದ ಮಟ್ಟಿಗೆ ಸುಂಕ ಬೀಳುತ್ತದೆ. ಗಾಡಿಗೆ ಅಂಟಿದ ಮಣ್ಣನ್ನು ಪೂರ್ತಿಯಾಗಿ ತೊಳೆದಿರಬೇಕು. ಅದರೊಡನೆ ಕ್ರಿಮಿಕೀಟಗಳು ಬಂದಾವೆಂಬ ಭಯ. ಬಳಕೆಯ ನಿಯಮಕ್ಕೆ ಇರುವ ಒಂದು ಅಪವಾದವು ಸ್ಮರಣೀಯವಾದುದು: ಬರುವ ಮುಂಚಿನ ಮೂರು ತಿಂಗಳಲ್ಲಿ ಮದುವೆಯಾದವರ, ಇಲ್ಲವೆ ಬಂದ ಮೂರು ತಿಂಗಳಲ್ಲಿ ಮದುವೆಯಾಗುವವರ ಉಡುಗೊರೆಗಳನ್ನು ಬಳಸಿರಬೇಕೆಂಬ ಕಟ್ಟಿಲ್ಲ. ವಿವಾಹದ ವಸ್ತುವಿಗೆ ಸುಂಕವನ್ನು ಬಿಟ್ಟ ಅರ್ಥಶಾಸ್ತ್ರಕಾರನೂ, ಅವನ ಹೆಸರನ್ನೇ ಕೇಳದ ಈ ಶಾಸನಕರ್ತರೂ ಒಂದೇ ನಿರ್ಣಯಕ್ಕೆ ಬಂದಿರುವುದು ಕೇವಲ ಕಾಕತಾಳೀಯವಲ್ಲ. ಹೊಸ ಸಂಸಾರವನ್ನು ಹೂಡಲು ಹೊರಟವರ ಗಂಟನ್ನು ವರ್ತಕನ ಗಂಟಿನಂತೆ ಬಿಚ್ಚಿ ನೋಡಬಾರದೆಂಬ ಬುದ್ಧಿಯು ಸುಂಕದ ಕಟ್ಟೆಯಲ್ಲಿಯೂ ಹುಟ್ಟಿತೆಂಬುದು ರಾಜ್ಯಗಳಿಗೆ ಶೋಭೆಯನ್ನು ತರುವ ಸಂಗತಿ. ಆ ಬುದ್ಧಿಯು ಗಂಟಿಗೆ ಮೊದಲು ಬಂದು, ಗಂಟನ್ನು ಹೊತ್ತ ಮನುಷ್ಯನಿಗೆ ಅರುವತ್ತು ವರ್ಷ ತಡವಾಗಿ ಬಂದಿತೆಂಬುದನ್ನೂ ಚರಿತ್ರೆಯು ಬರೆದಿಟ್ಟುಕೊಂಡಿದೆ.